ನಾಗರಹೊಳೆಯ ಹಿಂಸ್ರಮೃಗಗಳೂ ಅವುಗಳ ಆಹಾರವೂ

೧. ಪ್ರಸ್ತಾವನೆ

ಕೊಡವ ಭಾಷೆಯಲ್ಲಿ ‘ನರಿ’ ಎಂದರೆ ಹುಲಿ. ಕನ್ನಡ, ತಮಿಳು, ತುಳು ಮೊದಲಾದ ಸೋದರಭಾಷೆಗಳಲ್ಲಿ ಗುಳ್ಳೆನರಿಯನ್ನು ಹೇಳುವ ಈ ಶಬ್ದವು ಕೊಡಗಿನಲ್ಲಿ ಕಾಡಿನ ಅತ್ಯಂತ ಬಲಿಷ್ಠವಾದ ಮೃಗಕ್ಕೆ ಸಂದಿದೆ. ಹುಲಿಯನ್ನು ಕೊಂದ ವೀರನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯೊಡನೆ ಕುಳ್ಳಿರಿಸಿ, ನಂಟರಿಷ್ಟರೂ ಊರವರೂ ಬಂದು ಹರಸುತ್ತಿದ್ದ ಉತ್ಸವಕ್ಕೆ ‘ನರಿಮಂಗಲ’ವೆಂದು ಹೆಸರು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಹುಲಿಯ ಬೇಟೆಯು ನಿಷಿದ್ಧವಾದ ಮೇಲೆ ಈ ಆಚಾರಕ್ಕೆ ಆಸ್ಪದವಿಲ್ಲವಾಯಿತು. ಆದರೆ ಹುಲಿಯನ್ನು ಇಷ್ಟು ಸಮೀಪದಿಂದ ಬಲ್ಲ ಜನರು ಅದರ ನಡೆ, ನಿಲುವು, ಹೊಂಚು, ಆಹಾರ ಇವನ್ನೆಲ್ಲಾ ಚೆನ್ನಾಗಿ ಅರಿತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಹೀಗಿದ್ದರೂ ಬೇಟೆಗಾರನ ತಿಳಿವಳಿಕೆಯು ಉತ್ತರಿಸಲಾರದ ಪ್ರಶ್ನೆಯೊಂದುಂಟು. ಹುಲಿಯು ಜಿಂಕೆಯನ್ನು ತಿನ್ನುತ್ತದೆ, ಕಡವೆಯನ್ನು ತಿನ್ನುತ್ತದೆ, ಕಾಟಿಯನ್ನೂ ತಿನ್ನುತ್ತದೆ. ಇದನ್ನು ಕಂಡವರು ಅನೇಕರು. ಆದರೆ ಅದು ಎದುರಿಗೆ ಬಂದುದನ್ನು ಬಂದಂತೆ ತಿನ್ನುವುದೋ, ಅಥವಾ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವುದೋ? ಈ ಪ್ರಶ್ನೆಗೆ ಕಣ್ಣಿಗೆ ಕಂಡ ನೂರು ಬೇಟೆಗಳ ವೃತ್ತಾಂತವೂ ಉತ್ತರವಾಗಲಾರದು. ಏಕೆಂದರೆ ‘ಆಯ್ಕೆ’ ಎಂಬುದು ಒಂದು ಅನುಪಾತ. ತಿಂದದ್ದೆಷ್ಟು ಎಂಬುದನ್ನು ಇದ್ದದ್ದೆಷ್ಟು ಎಂಬುದರೊಡನೆ ಹೋಲಿಸಿದ ಹೊರತು ಆಯ್ಕೆಯು ಗೊತ್ತಾಗುವುದಿಲ್ಲ. ಸಂತೆಯಲ್ಲಿ ಬಾಳೆಯ ಹಣ್ಣೊಂದೇ ಇದ್ದಾಗ ಬಾಳೆಯ ಹಣ್ಣನ್ನು ಕೊಂಡವನಿಗೆ ಅದರಲ್ಲಿ ವಿಶೇಷ ಪ್ರೀತಿಯುಂಟೆಂದು ಹೇಳುವುದು ಹೇಗೆ? ಈ ಹೋಲಿಕೆಯನ್ನು ಕ್ರಮವಾಗಿ ನಡೆಯಿಸಿದ ಶೋಧನೆಗಳಲ್ಲಿ ಬಹು ಮುಖ್ಯವಾದುದೊಂದು ಕೊಡಗು ಮೈಸೂರುಗಳ ಗಡಿಯಲ್ಲಿರುವ ನಾಗರಹೊಳೆಯ ಕಾಡಿನಲ್ಲಿ ನಡೆಯಿತು. ಅದರ ಕ್ರಮವನ್ನೂ ಫಲಿತಾಂಶವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

೨. ಸ್ಥಳ

ಹಾವಿನಂತೆ ಬಳುಕಿ ಹರಿಯುವ ಹೊಳೆಯಿಂದ ನಾಗರಹೊಳೆಗೆ ಆ ಹೆಸರು ಬಂದಿದೆ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲದಲ್ಲಿಯೇ, ೧೯೫೫ರಲ್ಲಿ, ಇದು ವನ್ಯಧಾಮವೆನಿಸಿತು. ೧೯೫೬ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದ ತರುವಾಯ ಮೈಸೂರು ಸೀಮೆಯ ಕಾಡುಗಳೂ ಇದಕ್ಕೆ ಕೂಡಿ, ಮುಂದೆ ಸುಮಾರು ೬೪೩ ಚದರ ಕಿಲೋಮೀಟರುಗಳ ರಾಷ್ಟ್ರೀಯ ಉದ್ಯಾನವೂ ಹುಲಿಗಳ ಸಂರಕ್ಷಿತ ಪ್ರದೇಶವೂ ಆಯಿತು. ಪಶ್ಚಿಮಕ್ಕೆ ಬ್ರಹ್ಮಗಿರಿಯ ಸಾಲು, ಕಾಫಿಯ ತೋಟಗಳು. ಆಗ್ನೇಯಕ್ಕೆ ಕಬಿನಿಯ ಜಲಾಶಯ, ಅದರಾಚೆಗೆ ಬಂಡೀಪುರ. ಕೊಡಗಿನ ಕಡೆ ಮಳೆ ಹೆಚ್ಚಾದುದರಿಂದ ಎಲೆಯುದುರುವ ಎತ್ತರದ ಮರಗಳು ಒತ್ತಾಗಿ ಬೆಳೆದಿವೆ. ಪೂರ್ವಕ್ಕೆ ಹೋದಂತೆಲ್ಲಾ ಕಾಡು ಒಣಗುತ್ತಾ ತೆಳುವಾಗುತ್ತದೆ. ನಡುನಡುವೆ ತೇಗದ ನೆಡುತೋಪುಗಳಿವೆ.

ಈ ಕಾಡಿನ ವಿಶೇಷವೆಂದರೆ ಅದರ ‘ಹಡ್ಲು’ಗಳು. ಎರಡು ದಿಣ್ಣೆಗಳ ನಡುವಣ ತಗ್ಗಿನಲ್ಲಿ ನೀರು ನಿಂತು, ಜಿಗುಟುಮಣ್ಣು ಸದಾ ಒದ್ದೆಯಾಗಿರುವುದರಿಂದ ಮರ ಬೆಳೆಯದೆ ಹುಲ್ಲು ಮಾತ್ರ ಬೆಳೆಯುವ ಜೌಗುಬಯಲಿಗೆ ಅಲ್ಲಿ ಹೀಗೆ ಹೆಸರು. ಬೇಸಗೆಯಲ್ಲಿ ದಿಣ್ಣೆಯ ಮೇಲಿನ ಹುಲ್ಲು ಒಣಗಿದ ಮೇಲೂ ಹಡ್ಲುಗಳಲ್ಲಿ ಹಸಿರು ಉಳಿಯುತ್ತದೆ. ಆದುದರಿಂದ ಕಾಟಿಯೂ ಜಿಂಕೆಯೂ ಆನೆಯೂ ಅಲ್ಲಿಗೆ ಬರುತ್ತವೆ. ಜಿಂಕೆಗಳು ರಾತ್ರಿಯಾಗುತ್ತಲೇ ಬಯಲಿಗೆ ಬಂದು ಗುಂಪಾಗಿ ಮಲಗುತ್ತವೆ. ಸುತ್ತ ತೆರವಿದ್ದರೆ ಹೊಂಚಿ ಬರುವ ಶತ್ರುವು ದೂರದಿಂದಲೇ ಕಾಣುವುದು. ಬಯಲು ಮುಗಿದು ಪೊದೆ ತೊಡಗುವ ಅಂಚೇ ಅಪಾಯದ ಸ್ಥಳ. ಮೇಯುವ ಮೃಗಕ್ಕೆ ಮೇವೂ ಬೇಕು, ನೋಟವೂ ಬೇಕು. ಹೊಂಚುವ ಮೃಗಕ್ಕೆ ಮರೆ ಬೇಕು. ಹಡ್ಲಿನ ಅಂಚು ಈ ಮೂರೂ ಸಂಧಿಸುವ ಗೆರೆಯಾಗಿದೆ.

ಇಲ್ಲಿ ದೊಡ್ಡ ಮೃಗಗಳನ್ನು ಕೊಂದು ತಿನ್ನುವ ಜಾತಿಗಳು ಮೂರು: ಹುಲಿ, ಚಿರತೆ, ಮತ್ತು ಸೀಳುನಾಯಿಯೆಂದೂ ಕೆನ್ನಾಯಿಯೆಂದೂ ಹೆಸರುಳ್ಳ ಕಾಡುನಾಯಿ. ಅವಕ್ಕೆ ಆಹಾರವಾಗತಕ್ಕವು ಕಾಟಿ, ಕಡವೆ, ಜಿಂಕೆ, ಕಾಡುಹಂದಿ, ಕಾಡುಕುರಿ, ಮುಸುವ ಮುಂತಾದವು. ಕಾಟಿಯ ಗೂಳಿಯು ಒಂದು ಟನ್ನಿನ ಸಮೀಪಕ್ಕೆ ತೂಗಬಲ್ಲದು. ಕಾಡುಕುರಿಯು ಇಪ್ಪತ್ತು ಕಿಲೋಗ್ರಾಮಿನ ಆಸುಪಾಸಿನದು.

೩. ಸಮಸ್ಯೆ

ಒಂದೇ ಆಹಾರವನ್ನು ಒಂದೇ ರೀತಿಯಲ್ಲಿ ಅವಲಂಬಿಸುವ ಎರಡು ಜಾತಿಗಳು ಒಂದೇ ಸ್ಥಳದಲ್ಲಿ ಬಹುಕಾಲ ಬಾಳಲಾರವೆಂಬುದು ಜೀವಶಾಸ್ತ್ರದ ಪ್ರಸಿದ್ಧವಾದ ಒಂದು ಸೂತ್ರ. ರಷ್ಯದ ಗಾಸ್ ಎಂಬ ವಿದ್ವಾಂಸನು ಗಾಜಿನ ನಳಿಗೆಗಳಲ್ಲಿ ಏಕಕೋಶಜೀವಿಗಳನ್ನು ಬೆಳೆಯಿಸಿ ೧೯೩೪ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ಪ್ರಚಾರಕ್ಕೆ ಬಂದಿತು. ಹಾಗಾದರೆ ನಾಗರಹೊಳೆಯಲ್ಲಿ ಮೂರು ಹಿಂಸ್ರಮೃಗಗಳು ಒಟ್ಟಿಗೆ ಬಾಳುವುದು ಹೇಗೆ? ಹುಲಿಯು ಚಿರತೆಯನ್ನು ಕೊಲ್ಲಬಲ್ಲದು, ಕಾಡುನಾಯಿಯನ್ನೂ ಕೊಲ್ಲಬಲ್ಲದು. ನೇಪಾಳದ ಚಿತ್ವನದಲ್ಲಿ ಚಿರತೆಯು ಹುಲಿಯ ದಾರಿಯಿಂದ ದೂರ ಸರಿದು ಬಾಳುವುದನ್ನು ೧೯೭೦ರ ದಶಕದಲ್ಲಿ ಗಮನಿಸಲಾಗಿತ್ತು. ಆಫ್ರಿಕದ ಬಯಲುಗಳಲ್ಲಿ ಸಿಂಹವೂ ಕತ್ತೆಕಿರುಬವೂ ಇತರ ಬೇಟೆಮೃಗಗಳಿಂದ ಆಹಾರವನ್ನು ಕಸಿದುಕೊಳ್ಳುತ್ತವೆ. ನಾಗರಹೊಳೆಯಲ್ಲಾದರೋ ಮೂರೂ ಒಂದೇ ದಾರಿಗಳಲ್ಲಿ ಓಡಾಡುತ್ತಾ ಸಮೃದ್ಧವಾಗಿಯೇ ಇದ್ದುವು.

ಇಂತಹ ಪ್ರಶ್ನೆಯನ್ನು ಪರೀಕ್ಷೆಯಿಂದ ಬಗೆಹರಿಸುವ ಅನುಕೂಲವು ಎಲ್ಲ ಕಡೆಯೂ ಇರುವುದಿಲ್ಲ. ಅನುಕೂಲವಿರುವ ಒಂದು ಸ್ಥಳದೊಡನೆ ಹೋಲಿಸಿದರೆ ಕಾಡಿನ ಶೋಧಕನ ತೊಂದರೆಯು ಸ್ಪಷ್ಟವಾಗುವುದು. ಅಂತಹ ಸ್ಥಳವೆಂದರೆ ಕಡಲ ಕರೆಯ ಉಪ್ಪುಜೌಗು. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ ಕಗ್ಗಭತ್ತವನ್ನು ಬೆಳೆಯುವ ಗಜನಿಗಳನ್ನು ಕಂಡವರಿಗೆ ಉಬ್ಬರದ ನೀರು ಏರಿ ಇಳಿಯುವ ನೆಲದ ಪರಿಚಯವಿದೆ. ಅಮೆರಿಕದ ಅಟ್ಲಾಂಟಿಕ್ ಕರೆಯಲ್ಲಿ ಅಂತಹ ನೆಲವನ್ನು ಉಪ್ಪುನೀರನ್ನು ಸಹಿಸುವ ಒರಟುಹುಲ್ಲು ಮೈಲಿಗಟ್ಟಲೆ ಮುಚ್ಚಿರುತ್ತದೆ. ಆ ಹುಲ್ಲಿನ ಮೇಲೆ ಶಂಖದ ಜಾತಿಯ ಸಣ್ಣ ಹುಳು ಹತ್ತಿ ಎಲೆಯನ್ನು ಕೆರೆಯುತ್ತದೆ. ಉಬ್ಬರದೊಡನೆ ಬರುವ ನೀಲಿ ಏಡಿಯು ಆ ಹುಳುವನ್ನು ತಿನ್ನುತ್ತದೆ. ಜಾರ್ಜಿಯಾ ಸಂಸ್ಥಾನದ ಸಪೆಲೋ ದ್ವೀಪದಲ್ಲಿ ಸಿಲಿಮನ್, ಬರ್ಟ್‌ನೆಸ್ ಎಂಬ ಶೋಧಕರು ತಂತಿಬಲೆಯ ಗೂಡುಗಳಿಂದ ಏಡಿಗಳನ್ನು ತಡೆದರು. ಹುಳುಗಳು ಮಿತಿಮೀರಿದರೆ ಎಂಟು ತಿಂಗಳೊಳಗಾಗಿ ಹುಲ್ಲನ್ನೆಲ್ಲಾ ನಾಶಪಡಿಸಿ ನೆಲವನ್ನು ಬರಿಯ ಕೆಸರಾಗಿಸಬಲ್ಲುವೆಂಬುದು ಕಂಡುಬಂದಿತು. ೨೦೦೨ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ, ಹುಲ್ಲು ಉಳಿಯಬೇಕಾದರೆ ಹುಳುವನ್ನು ತಿನ್ನುವ ಏಡಿಯೂ ಇರಬೇಕೆಂಬುದು ನಿಸ್ಸಂಶಯವಾಗಿ ಸಿದ್ಧವಾಯಿತು.

ಹುಲಿಯನ್ನು ಹೀಗೆ ಗೂಡಿನಿಂದ ತಡೆಯಲಾಗದು. ಒಂದು ಹುಲಿಯ ತಿರುಗಾಟಕ್ಕೆ ಹತ್ತಾರು ಚದರ ಕಿಲೋಮೀಟರುಗಳ ಕಾಡು ಬೇಕು. ಅದರ ಮೇಲೆ ಹುಲಿಯು ವಿರಳವೂ ನಿಶಾಚರವೂ ಮರೆಯಲ್ಲಿಯೇ ಇರತಕ್ಕದ್ದೂ ಆದ ಪ್ರಾಣಿ. ಜೌಗಿನಲ್ಲಿ ಒಂದನ್ನು ತೆಗೆದು ಫಲವನ್ನು ನೋಡಬಹುದು. ಕಾಡಿನಲ್ಲಿ ಇದ್ದುದನ್ನು ಎಣಿಸಿ, ತಿಂದುದನ್ನು ಎಣಿಸಿ, ಎರಡನ್ನೂ ತಾಳೆನೋಡಬೇಕು. ಸಾಕ್ಷಿಗಳು ಪರೋಕ್ಷವಾದುದರಿಂದ ಪ್ರತಿಯೊಂದು ಸಾಕ್ಷಿಯು ಎಲ್ಲಿ ತಪ್ಪುವುದೆಂಬುದನ್ನು ಮೊದಲೇ ತಿಳಿದಿರಬೇಕು. ಹಸ್ತಪ್ರತಿಗಳನ್ನು ಶೋಧಿಸುವವರಿಗೆ ಈ ನ್ಯಾಯವು ಹೊಸದಲ್ಲ.

೪. ಇದ್ದುದರ ಎಣಿಕೆ

ಭಾರತದಲ್ಲಿ ಹುಲಿಯನ್ನೂ ಅದರ ಆಹಾರವನ್ನೂ ಶಾಸ್ತ್ರೀಯವಾಗಿ ಮೊದಲು ಅಭ್ಯಸಿಸಿದವನು ಜಾರ್ಜ್ ಷಾಲರ್. ೧೯೬೩ರಿಂದ ೧೯೬೫ರವರೆಗೆ ಮಧ್ಯಪ್ರದೇಶದ ಕಾನ್ಹಾದಲ್ಲಿ ಅವನು ನಡೆಯಿಸಿದ ಶೋಧನೆಯು ೧೯೬೭ರಲ್ಲಿ ಗ್ರಂಥರೂಪದಲ್ಲಿ ಬಂದಿತು. ನಾಗರಹೊಳೆಯ ಶೋಧನೆಯನ್ನು ೧೯೮೬ರಲ್ಲಿ ಆರಂಭಿಸಿದವರು ಡಾ. ಕೆ. ಉಲ್ಲಾಸ ಕಾರಂತರು. ಸಾಹಿತಿ ಕೋಟ ಶಿವರಾಮ ಕಾರಂತರ ಪುತ್ರರಾದ ಇವರು ಯಂತ್ರಶಾಸ್ತ್ರದ ಇಂಜಿನಿಯರಾಗಿ ಶಿಕ್ಷಣ ಪಡೆದು, ಬಳಿಕ ವನ್ಯಜೀವಿಶಾಸ್ತ್ರಕ್ಕೆ ತಿರುಗಿದವರು. ಫ್ಲಾರಿಡಾ ವಿಶ್ವವಿದ್ಯಾನಿಲಯದ ಮೆಲ್ ಸನ್‌ಕ್ವಿಸ್ಟರು ಇವರ ಸಹಶೋಧಕರು. ಅವರು ಚಿತ್ವನದ ಹುಲಿಗಳಿಗೆ ರೇಡಿಯೋ ಕೊರಳಪಟ್ಟಿಯನ್ನು ತೊಡಿಸಿ ಅಭ್ಯಸಿಸಿದ್ದವರು.

ಮೃಗಗಳನ್ನು ಎಣಿಸುವುದರಲ್ಲಿ ಮೊದಲನೆಯ ತೊಡಕೆಂದರೆ ಕಾಡಿನಲ್ಲಿರುವುದೆಲ್ಲವೂ ಕಾಣದಿರುವುದು. ಬಯಲಿನಲ್ಲಿ ಮೇಯುವ ಜಿಂಕೆಯ ಹಿಂಡು ಎಲ್ಲರಿಗೂ ಕಾಣುವುದು. ಪೊದೆಯೊಳಗೆ ಒಂಟಿಯಾಗಿ ನಿಂತ ಕಾಡುಕುರಿಯು ಹತ್ತಿರ ಹೋದರೂ ಕಾಣದು. ಕಂಡುದನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಜಿಂಕೆಯ ಸಂಖ್ಯೆ ಉಬ್ಬಿ ಕಾಡುಕುರಿಯ ಸಂಖ್ಯೆ ಕುಗ್ಗುವುದು. ಇದರ ಪರಿಹಾರಕ್ಕಾಗಿ ಕಾಡಿನಲ್ಲಿ ಸರಳರೇಖೆಗಳಂತೆ ಕಾಲುದಾರಿಗಳನ್ನು ಬಿಡಿಸಿ, ಬೆಳಗಿನ ಹೊತ್ತು ನಿಶ್ಶಬ್ದವಾಗಿ ನಡೆಯುತ್ತಾ, ಮೃಗವು ಕಂಡಾಗಲೆಲ್ಲಾ ದಾರಿಯಿಂದ ಅದಿರುವ ದೂರವನ್ನು ಅಳೆದು ಬರೆದುಕೊಳ್ಳಲಾಯಿತು. ದಾರಿಯ ಮೇಲಿರುವ ಮೃಗವು ಖಂಡಿತವಾಗಿ ಕಾಣುವುದು. ದೂರವು ಹೆಚ್ಚಿದಂತೆ ಕಾಣುವ ಸಂಭವವು ಕಡಮೆಯಾಗುವುದು. ಈ ಇಳಿಕೆಯ ಪ್ರಮಾಣವು ದೂರಗಳ ಪಟ್ಟಿಯಿಂದಲೇ ತಿಳಿಯುವುದರಿಂದ, ಕಾಣದೆ ಉಳಿದವುಗಳ ಸಂಖ್ಯೆಯನ್ನೂ ಗಣಿತದಿಂದ ಪಡೆಯಬಹುದು. ಈ ಕ್ರಮದ ಗುಣವೆಂದರೆ ಅದು ಪ್ರತಿಯೊಂದು ಜಾತಿಗೂ ಅದರದೇ ಆದ ತಿದ್ದುಪಡಿಯನ್ನು ಕೊಡುವುದು.

೧೯೯೨ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಾಗರಹೊಳೆಯ ಶೋಧನಪ್ರದೇಶದಲ್ಲಿ ಪ್ರತಿ ಚದರ ಕಿಲೋಮೀಟರಿಗೆ ಜಿಂಕೆಗಳು ೫೦.೬, ಕಾಟಿಗಳು ೯.೬, ಕಡವೆಗಳು ೫.೫, ಕಾಡುಹಂದಿಗಳು ೪.೨, ಕಾಡುಕುರಿಗಳು ೪.೨ ಇದ್ದುವು. ಈ ಐದು ಗೊರಸಿನ ಮೃಗಗಳನ್ನು ಕೂಡಿದರೆ ೭೪.೧ ಆಗುವುದು. ಇದರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು ಜಿಂಕೆ. ಕಾಟಿಯ ಪಾಲು ನೂರಕ್ಕೆ ಹದಿಮೂರು. ಆದುದರಿಂದ ಹಿಂಸ್ರಮೃಗವು ಎದುರಿಗೆ ಬಂದುದನ್ನೇ ತಿನ್ನುವುದಾದರೆ ಅದು ಕೊಂದ ಮೂರು ಪ್ರಾಣಿಗಳಲ್ಲಿ ಎರಡು ಜಿಂಕೆಗಳಾಗಿರಬೇಕು. ಆಯ್ಕೆಯುಂಟೋ ಇಲ್ಲವೋ ಎಂಬುದನ್ನು ಒರೆಹಚ್ಚುವುದಕ್ಕೆ ಇದೇ ಒರೆಗಲ್ಲು.

೫. ತಿಂದುದರ ಎಣಿಕೆ

ತಿಂದುದನ್ನು ತಿಳಿಯುವುದಕ್ಕೆ ಎರಡು ಸಾಕ್ಷಿಗಳಿವೆ. ಒಂದು, ಕೊಂದು ಬಿಟ್ಟ ಕಳೇಬರ. ಇನ್ನೊಂದು, ದಾರಿಯಲ್ಲಿ ಬಿದ್ದ ಮಲ.

ಕಳೇಬರವನ್ನು ಹುಡುಕುವುದಕ್ಕೆ ಕಾಗೆ ಹದ್ದುಗಳ ಸುಳಿದಾಟ, ಮುಸುವದ ಎಚ್ಚರಿಕೆಯ ಕೂಗು, ಎಳೆದುಕೊಂಡು ಹೋದ ಜಾಡು ಇವು ಸಹಾಯಕವಾಗುವುವು. ಇಂತಹ ಕುರುಹುಗಳನ್ನು ಓದುವುದರಲ್ಲಿ ಆ ಕಾಡಿನ ಮೂಲನಿವಾಸಿಗಳಾದ ಜೇನುಕುರುಬರು ನಿಪುಣರು. ಕತ್ತಿನ ಮೇಲಣ ಹಲ್ಲಿನ ಗುರುತು, ತಿನ್ನಲು ತೊಡಗಿದ ಭಾಗ, ಮರೆಮಾಡಿದ ರೀತಿ ಇವುಗಳಿಂದ ಕೊಂದುದು ಯಾವ ಮೃಗವೆಂಬುದನ್ನು ಹೇಳಬಹುದು. ದವಡೆಯ ಹಲ್ಲಿನ ಸವೆತದಿಂದ ಸತ್ತ ಪ್ರಾಣಿಯ ವಯಸ್ಸನ್ನೂ, ಕೊಂಬಿನಿಂದ ಅದರ ಲಿಂಗವನ್ನೂ ತಿಳಿಯಬಹುದು. ಆದರೆ ಈ ಸಾಕ್ಷಿಗೆ ಒಂದು ಪಕ್ಷಪಾತವುಂಟು. ಕಾಟಿಯ ಕಳೇಬರವು ಅನೇಕ ದಿನಗಳವರೆಗೆ ಉಳಿದು ದೂರಕ್ಕೆ ನಾರುವುದು. ಕಾಡುಕುರಿಯದಾದರೋ ಒಂದು ರಾತ್ರಿಯಲ್ಲಿ ಇಲ್ಲವಾಗುವುದು. ಆದುದರಿಂದ ಕಳೇಬರಗಳ ಪಟ್ಟಿಯು ದೊಡ್ಡ ಮೃಗಗಳ ಕಡೆಗೆ ವಾಲುತ್ತದೆ.

ಮಲದ ಸಾಕ್ಷಿಯು ಇದಕ್ಕೆ ವಿರುದ್ಧವಾದುದು. ಜೀರ್ಣವಾಗದೆ ಉಳಿದ ಕೂದಲನ್ನು ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಹೊರಪದರದ ಮತ್ತು ತಿರುಳಿನ ರಚನೆಯಿಂದ ಅದು ಯಾವ ಜಾತಿಯ ಕೂದಲೆಂಬುದು ಗೊತ್ತಾಗುವುದು. ಆದರೆ ಸಣ್ಣ ಪ್ರಾಣಿಯಲ್ಲಿ ಮಾಂಸಕ್ಕೆ ಹೋಲಿಸಿದರೆ ಚರ್ಮವೂ ಕೂದಲೂ ಹೆಚ್ಚು. ಆದುದರಿಂದ ಒಂದೇ ತೂಕದ ಆಹಾರದಿಂದ ಹೆಚ್ಚು ಸಲ ಮಲ ಬೀಳುವುದು. ಅಮೆರಿಕದ ಪ್ಯೂಮಾ ಎಂಬ ಮೃಗಕ್ಕೆ ತೂಕಮಾಡಿದ ಆಹಾರವನ್ನಿತ್ತು ಪರೀಕ್ಷಿಸಿ ೧೯೮೪ರಲ್ಲಿ ಪ್ರಕಟಿಸಿದ ಸೂತ್ರವೊಂದುಂಟು: ಬಲಿಪ್ರಾಣಿಯ ತೂಕವನ್ನು ಕಿಲೋಗ್ರಾಮುಗಳಲ್ಲಿ ತೆಗೆದುಕೊಂಡು ೦.೦೩೫ರಿಂದ ಗುಣಿಸಿ ೧.೯೮ನ್ನು ಕೂಡಿದರೆ, ಒಂದು ಸಲದ ಮಲಕ್ಕೆ ಎಷ್ಟು ಕಿಲೋಗ್ರಾಮು ಆಹಾರವು ಸಮನೆಂಬುದು ಬರುತ್ತದೆ. ನೂರು ಕಿಲೋಗ್ರಾಮಿನ ಒಂದು ಪ್ರಾಣಿಗೆ ಇದರಂತೆ ೫.೪೮ ಬರುವುದು, ಎಂದರೆ ಅದನ್ನು ತಿಂದರೆ ಸುಮಾರು ೧೮ ಸಲ ಮಲ ಬೀಳುವುದು. ಹತ್ತು ಕಿಲೋಗ್ರಾಮಿನ ಹತ್ತು ಪ್ರಾಣಿಗಳನ್ನು ತಿಂದರೆ ಆಹಾರದ ತೂಕವು ಅಷ್ಟೇ ಆದರೂ ಮಲದ ಸಂಖ್ಯೆಯು ಸುಮಾರು ೪೩ ಆಗುವುದು. ಈ ತಿದ್ದುಪಡಿಯನ್ನು ಮಾಡದೆ ಮಲಗಳನ್ನೇ ಎಣಿಸಿದವನು ಹುಲಿಯು ಸಣ್ಣ ಪ್ರಾಣಿಗಳಿಂದಲೇ ಜೀವಿಸುವುದೆಂದು ತಪ್ಪು ತಿಳಿಯುವನು.

ಒಂದು ಸಾಕ್ಷಿಯು ದೊಡ್ಡದರ ಕಡೆಗೂ ಇನ್ನೊಂದು ಸಣ್ಣದರ ಕಡೆಗೂ ವಾಲುವುದರಿಂದ, ಒಂದರ ದೋಷವನ್ನು ಇನ್ನೊಂದರಿಂದ ಗುರುತಿಸಬಹುದು. ಜಾತಿಗಳ ಪ್ರಮಾಣವನ್ನು ಮಲದಿಂದಲೂ, ಸತ್ತ ಪ್ರಾಣಿಗಳ ವಯಸ್ಸು ಲಿಂಗಗಳನ್ನು ಕಳೇಬರದಿಂದಲೂ ತೆಗೆದುಕೊಂಡು ಕಾರಂತ ಸನ್‌ಕ್ವಿಸ್ಟರು ತಮ್ಮ ನಿರ್ಣಯವನ್ನು ಕಟ್ಟಿದರು.

೬. ಫಲಿತಾಂಶ

೧೯೮೬ರಿಂದ ೧೯೯೦ರವರೆಗಿನ ಈ ಶೋಧನೆಯು ೧೯೯೫ರಲ್ಲಿ ಬ್ರಿಟಿಷ್ ಪ್ರಾಣಿಪರಿಸರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದರ ಮುಖ್ಯಾಂಶಗಳು ಹೀಗಿವೆ.

ಮೊದಲನೆಯದಾಗಿ, ಬೇಟೆಯು ಯಾದೃಚ್ಛಿಕವಲ್ಲ. ಕಾಡಿನಲ್ಲಿ ಕಾಟಿಯ ಪಾಲಿಗಿಂತ ಹುಲಿಯ ಆಹಾರದಲ್ಲಿ ಕಾಟಿಯ ಪಾಲು ಹೆಚ್ಚು. ಚಿರತೆಯ ಆಹಾರದಲ್ಲಿ ಕಾಡುಹಂದಿಯು ಇರಬೇಕಾದುದಕ್ಕಿಂತ ಕಡಮೆ. ಕಾಡುನಾಯಿಯ ಆಹಾರದಲ್ಲಿ ಕಾಡುಕುರಿಯು ಕಡಮೆ. ಮರದ ಮೇಲೆ ಬಾಳುವ ಮುಸುವವು ಕಾಡಿನಲ್ಲಿ ವಿಪುಲವಾಗಿದ್ದರೂ ಮೂರರ ಆಹಾರದಲ್ಲಿಯೂ ಕಡಮೆಯೇ.

ಎರಡನೆಯದಾಗಿ, ಆಯ್ಕೆಯು ಗಾತ್ರವನ್ನು ಅನುಸರಿಸಿದೆ. ೧೭೬ ಕಿಲೋಗ್ರಾಮಿಗೆ ಮೇಲ್ಪಟ್ಟ ಮೃಗಗಳ ಕಡೆಗೆ ಹುಲಿಯ ಒಲವು. ೩೦ರಿಂದ ೧೭೫ ಕಿಲೋಗ್ರಾಮಿನವರೆಗಿನ ಮೃಗಗಳ ಕಡೆಗೆ ಚಿರತೆ ಕಾಡುನಾಯಿಗಳ ಒಲವು. ಮುಖ್ಯ ಬಲಿಪ್ರಾಣಿಗಳ ಸರಾಸರಿ ತೂಕವು ಹುಲಿಗೆ ೯೧.೫ ಕಿಲೋಗ್ರಾಮು, ಕಾಡುನಾಯಿಗೆ ೪೩.೪, ಚಿರತೆಗೆ ೩೭.೬. ಕಾಡುನಾಯಿಯು ಒಂಟಿಯಾಗಿ ಇಪ್ಪತ್ತು ಕಿಲೋಗ್ರಾಮಿನೊಳಗಿನ ಪ್ರಾಣಿಯಾದರೂ ಗುಂಪಿನ ಬಲದಿಂದ ತನಗಿಂತ ಬಹಳ ದೊಡ್ಡದಾದ ಚಿರತೆಯನ್ನು ಈ ಲೆಕ್ಕದಲ್ಲಿ ಮೀರಿಸಿರುವುದು ಗಮನಾರ್ಹವಾಗಿದೆ.

ಮೂರನೆಯದಾಗಿ, ಒಂದೇ ಜಾತಿಯೊಳಗೂ ಆಯ್ಕೆಯುಂಟು. ಜಿಂಕೆ, ಕಡವೆ, ಕಾಡುಹಂದಿಗಳಲ್ಲಿ ಹುಲಿಗೆ ಬಲಿಯಾದವುಗಳಲ್ಲಿ ಬೆಳೆದ ಗಂಡುಗಳು ಹೆಚ್ಚು. ಕಾಟಿಯಲ್ಲಾದರೋ ಎಳೆಯವು ಹೆಚ್ಚು. ಕಾಡುನಾಯಿಯೂ ಬೆಳೆದ ಗಂಡುಜಿಂಕೆಯನ್ನೇ ಹೆಚ್ಚಾಗಿ ಕೊಲ್ಲುತ್ತದೆ. ಚಿರತೆಯಲ್ಲಿ ಅಂತಹ ಒಲವು ಕಾಣಲಿಲ್ಲ. ಗಂಡುಗಳು ಹೆಚ್ಚಾಗಿ ಸಾಯುವುದಕ್ಕೆ ಅವುಗಳ ನಡವಳಿಕೆಯೇ ಕಾರಣವೆಂದು ಊಹಿಸಲು ಆಧಾರವಿದೆ. ಬೆದೆಯ ಕಾಲದಲ್ಲಿ ಅವು ಹೆಣ್ಣನ್ನು ಅರಸಿ ಒಂಟಿಯಾಗಿ ಅಲೆಯುತ್ತವೆ, ಪರಸ್ಪರ ಕಾದಾಡಿ ಗಾಯಗೊಳ್ಳುತ್ತವೆ, ಎಚ್ಚರ ತಪ್ಪುತ್ತವೆ. ಹಿಂಡಿನ ಅನೇಕ ಕಣ್ಣುಗಳ ರಕ್ಷೆಯು ಅವಕ್ಕಿಲ್ಲ. ಕಾಟಿಯ ಬೆಳೆದ ಗೂಳಿಯ ಮಾತು ಬೇರೆ. ಅದನ್ನು ಕೆಡಹುವ ಪ್ರಯತ್ನದಲ್ಲಿ ಹುಲಿಯೇ ಪ್ರಾಣಕ್ಕೆ ಎರವಾಗಬಹುದು.

೭. ಸಹಬಾಳ್ವೆಯ ಕಾರಣ

ಮೇಲ್ಕಂಡ ಸಮಸ್ಯೆಗೆ ಈ ಫಲಿತಾಂಶಗಳಿಂದ ಉತ್ತರವು ದೊರೆಯುತ್ತದೆ. ಮೂರು ಹಿಂಸ್ರಮೃಗಗಳೂ ಜಿಂಕೆಯನ್ನು ತಿನ್ನುವುದೇನೋ ನಿಜ. ಆದರೆ ಹುಲಿಗೆ ಕಾಟಿ ಕಡವೆಗಳೆಂಬ ದೊಡ್ಡ ಭಂಡಾರವು ಪ್ರತ್ಯೇಕವಾಗಿ ಇರುವುದರಿಂದ, ಉಳಿದೆರಡರ ಪಾಲಿಗೆ ಜಿಂಕೆಯು ಧಾರಾಳವಾಗಿ ಉಳಿಯುತ್ತದೆ. ಬೇಟೆಯ ಹೊತ್ತಿನಲ್ಲಿಯೂ ಭೇದವಿದೆ: ಕಾಡುನಾಯಿಯು ಹಗಲಿನಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿಯುವುದು, ಹುಲಿ ಚಿರತೆಗಳು ಮುಸ್ಸಂಜೆಯಿಂದ ನಸುಕಿನವರೆಗೆ ಹೊಂಚಿ ಹಿಡಿಯುವುವು. ಒತ್ತಾದ ಪೊದೆಯು ಚಿರತೆಗೆ ಮರೆಯಾಗಿದೆ. ಎತ್ತರದ ಮರವು ಅದಕ್ಕೆ ಆಶ್ರಯವೂ ಉಗ್ರಾಣವೂ ಆಗಿದೆ. ಆಫ್ರಿಕದ ಬಯಲಿನಲ್ಲಿ ಈ ಮರೆಯಾಗಲಿ ಮರಗಳ ಈ ಸಮೃದ್ಧಿಯಾಗಲಿ ಇಲ್ಲದುದರಿಂದ ಬಲಿಷ್ಠವಾದುದು ದುರ್ಬಲವಾದುದನ್ನು ಒತ್ತರಿಸುವುದು ಸುಲಭ. ಆದುದರಿಂದ ಉಷ್ಣವಲಯದ ಕಾಡಿನಲ್ಲಿ ಹಿಂಸ್ರಮೃಗಗಳ ಸಮಾಜವನ್ನು ರೂಪಿಸುವುದು ಅವುಗಳ ಪರಸ್ಪರ ದ್ವೇಷಕ್ಕಿಂತ ಹೆಚ್ಚಾಗಿ ತಕ್ಕ ಗಾತ್ರದ ಆಹಾರದ ಸಮೃದ್ಧಿ ಹಾಗೂ ಕಾಡಿನ ಮರೆ ಎಂಬುದು ಶೋಧಕರ ಅಭಿಪ್ರಾಯ.

ಈ ಅಭಿಪ್ರಾಯದಲ್ಲಿ ಒಂದು ಷರತ್ತು ಅಡಗಿದೆ. ಸಹಬಾಳ್ವೆಯು ದೊಡ್ಡ ಮೃಗಗಳಿರುವವರೆಗೆ ಮಾತ್ರ. ಕಾಟಿಯೂ ಕಡವೆಯೂ ಇಲ್ಲವಾದರೆ ಹುಲಿಯು ಜಿಂಕೆಯ ಮೇಲೆ ಬೀಳಬೇಕಾಗುವುದು. ಆಗ ಮೂರರ ಕೈಯೂ ಒಂದೇ ತಟ್ಟೆಗೆ ಬರುವುದು.

೮. ಹುಲಿಗಳ ಸಂಖ್ಯೆ

ಆಹಾರಕ್ಕೂ ಹುಲಿಗಳ ಸಂಖ್ಯೆಗೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ಹುಲಿಗಳನ್ನೂ ಎಣಿಸಬೇಕು. ಹಿಂದೆ ಹೆಜ್ಜೆಯ ಗುರುತಿನಿಂದ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆಯು ಕೆಸರಿನಲ್ಲೊಂದು ಧೂಳಿನಲ್ಲೊಂದು ಆಕಾರವನ್ನು ತಳೆಯುವುದರಿಂದ ಅದು ನಂಬತಕ್ಕುದಾಗಿರಲಿಲ್ಲ. ಆದರೆ ಒಂದು ಹುಲಿಯ ಪಟ್ಟೆಗಳು ಇನ್ನೊಂದಕ್ಕಿರುವುದಿಲ್ಲ. ಇದನ್ನು ಆಧರಿಸಿ ದಾರಿಗಳ ಬದಿಯಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನು ಜೋಡಿಯಾಗಿ ಇಟ್ಟು ಎರಡು ಮಗ್ಗುಲುಗಳ ಚಿತ್ರವನ್ನೂ ಪಡೆಯಲಾಯಿತು. ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿಯು ೧೯೨೦ರ ದಶಕದಲ್ಲಿಯೇ ಉತ್ತರ ಭಾರತದಲ್ಲಿ ತಂತಿ ಕಟ್ಟಿ ಹುಲಿಯಿಂದಲೇ ಅದರ ಚಿತ್ರವನ್ನು ತೆಗೆಯಿಸಿದ್ದನು. ಅದನ್ನು ಎಣಿಕೆಯ ಸಾಧನವನ್ನಾಗಿ ಮಾಡಿದ್ದು ನಾಗರಹೊಳೆಯ ವಿಶೇಷ.

ಇದರ ಗಣಿತವು ಸರಳವಾದುದು. ಕೆರೆಯಿಂದ ಐವತ್ತು ಮೀನುಗಳನ್ನು ಹಿಡಿದು ಗುರುತುಮಾಡಿ ಬಿಟ್ಟು, ಮತ್ತೊಮ್ಮೆ ಹಿಡಿದ ಐವತ್ತರಲ್ಲಿ ಗುರುತಿನವು ಹತ್ತೇ ಇದ್ದರೆ, ಕೆರೆಯ ಮೀನುಗಳಲ್ಲಿ ಐದರಲ್ಲೊಂದು ಗುರುತಿನದೆಂದೂ ಒಟ್ಟು ಮೀನುಗಳು ಇನ್ನೂರೈವತ್ತರ ಸುಮಾರೆಂದೂ ತಿಳಿಯುವುದು. ಹುಲಿಗೆ ಗುರುತು ಹುಟ್ಟಿನಿಂದಲೇ ಬಂದಿದೆ. ಕಾರಂತರೂ ಅಮೆರಿಕದ ಜೇಮ್ಸ್ ನಿಕಲ್ಸರೂ ೧೯೯೮ರಲ್ಲಿ ಪ್ರಕಟಿಸಿದಂತೆ ನಾಗರಹೊಳೆಯಲ್ಲಿ ನೂರು ಚದರ ಕಿಲೋಮೀಟರಿಗೆ ಸುಮಾರು ೧೧.೫ ಹುಲಿಗಳಿದ್ದುವು.

ಈಗ ಎರಡು ಲೆಕ್ಕಗಳನ್ನು ತಾಳೆನೋಡಬಹುದು. ಒಂದು ಹುಲಿಯು ವರ್ಷಕ್ಕೆ ಸುಮಾರು ಐವತ್ತು ಗೊರಸಿನ ಮೃಗಗಳನ್ನು ಕೊಲ್ಲುವುದು. ಇರುವ ಮೃಗಗಳಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಹುಲಿಯ ಪಾಲಾಗುವುದು. ಎಂದರೆ ಒಂದು ಹುಲಿಯ ಜೀವನಕ್ಕೆ ಐನೂರು ಮೃಗಗಳ ಮೂಲಧನವು ಬೇಕು. ಅದು ಬಡ್ಡಿಯನ್ನು ಮಾತ್ರ ತಿನ್ನುವುದು. ನಾಗರಹೊಳೆಯ ನೂರು ಚದರ ಕಿಲೋಮೀಟರಿನಲ್ಲಿ ಮೇಲೆ ಹೇಳಿದ ಪ್ರಮಾಣದಂತೆ ೭,೪೧೦ ಮೃಗಗಳಾಗುವುವು. ಇದನ್ನು ಐನೂರರಿಂದ ಭಾಗಿಸಿದರೆ ಸುಮಾರು ಹದಿನೈದು ಹುಲಿಗಳಿಗೆ ಸಾಕಾಗುವಷ್ಟಿದೆಯೆಂದು ತಿಳಿಯುವುದು. ಕಾಲುದಾರಿಯಲ್ಲಿ ನಡೆದು ಎಣಿಸಿದ ಮೃಗಗಳಿಂದ ಬಂದ ಅಂಕೆಯೂ, ಪಟ್ಟೆಗಳ ಚಿತ್ರದಿಂದ ಬಂದ ಅಂಕೆಯೂ ಒಂದಕ್ಕೊಂದು ಸಮೀಪವಾಗಿರುವುದು ವಿಚಾರಾರ್ಹ. ಭಾರತದ ಹನ್ನೊಂದು ಸ್ಥಳಗಳ ಲೆಕ್ಕವನ್ನು ಸೇರಿಸಿ ೨೦೦೪ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯಲ್ಲಿಯೂ, ಆಹಾರದ ಮೃಗಗಳು ಹೆಚ್ಚಿದ್ದೆಡೆ ಹುಲಿಗಳು ಹೆಚ್ಚೆಂಬುದು ಸ್ಥಿರಪಟ್ಟಿತು.

೧೯೯೧ರಿಂದ ೨೦೦೦ದವರೆಗೆ ನಾಗರಹೊಳೆಯಲ್ಲಿ 

ಎಡೆಬಿಡದೆ ತೆಗೆದ ಚಿತ್ರಗಳಿಂದ ಮತ್ತೊಂದು ಸಂಗತಿಯು ಹೊರಬಿದ್ದಿತು. ಒಂದು ವರ್ಷ ಕಂಡ ಹುಲಿಗಳಲ್ಲಿ ನೂರಕ್ಕೆ ೭೭ರಷ್ಟು ಮಾತ್ರ ಮರುವರ್ಷಕ್ಕೆ ಉಳಿಯುತ್ತಿದ್ದುವು. ಉಳಿದುವು ಸಾಯುತ್ತಿದ್ದುವು ಅಥವಾ ಬೇರೆಡೆಗೆ ಹೋಗುತ್ತಿದ್ದುವು. ನೂರು ಚದರ ಕಿಲೋಮೀಟರಿನ ಸಂಖ್ಯೆಯು ಒಮ್ಮೆ ೭.೩ಕ್ಕೆ ಇಳಿದು ಇನ್ನೊಮ್ಮೆ ೨೧.೭ಕ್ಕೆ ಏರಿತು. ಇಷ್ಟು ನಷ್ಟವಾಗುತ್ತಿದ್ದರೂ ವಂಶವು ಕುಂದದೆ ಉಳಿದುದಕ್ಕೆ ಹುಟ್ಟಿ ಬೆಳೆದು ತೆರವಾದ ಸ್ಥಾನಗಳನ್ನು ತುಂಬುವ ಮರಿಗಳೇ ಕಾರಣ. ಮರಿಗಳು ಬೆಳೆಯುವುದಕ್ಕೆ ಆಹಾರವೇ ಕಾರಣ.

೯. ಉಪಸಂಹಾರ

ಈ ಸಮೃದ್ಧಿಯು ಅನಾದಿಯಿಂದ ಹಾಗೆಯೇ ಬಂದುದಲ್ಲ. ೧೯೬೦ರ ದಶಕದಲ್ಲಿ ಬೇಟೆ, ದನಗಳ ಮೇವು, ಮರಗಳ್ಳತನ ಇವುಗಳಿಂದ ನಾಗರಹೊಳೆಯು ಬಡವಾಗಿತ್ತು. ಕೊಡಗಿನವರೇ ಆದ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರು (೧೯೪೧–೨೦೨೪) ಆ ದಶಕದ ಕೊನೆಯಿಂದ ೧೯೯೩ರವರೆಗೆ ಸೇವೆ ಸಲ್ಲಿಸಿ, ಸಂಗಡಿಗರೊಡನೆ ಆ ಕಾಡನ್ನು ಕಟ್ಟುನಿಟ್ಟಾಗಿ ಕಾಯ್ದರು. ಕಾಟಿ, ಕಡವೆ, ಜಿಂಕೆಗಳು ಹೆಚ್ಚಿದ ಮೇಲೆ ಹುಲಿಗಳೂ ಹೆಚ್ಚಿದುವು. ಶೋಧಕರು ೧೯೮೬ರಲ್ಲಿ ಎಣಿಸಲು ತೊಡಗಿದ್ದು ಹೀಗೆ ಚೇತರಿಸಿಕೊಂಡ ಕಾಡನ್ನು.

ಕಾಯದಿದ್ದರೆ ಏನಾಗುವುದೆಂಬುದಕ್ಕೂ ಕೊಡಗಿನಲ್ಲಿಯೇ ಪ್ರಮಾಣವಿದೆ. ಎಂ. ಡಿ. ಮಧುಸೂದನರೂ ಕಾರಂತರೂ ೨೦೦೨ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ನಾಗರಹೊಳೆಯ ಒಳಗಣ ಕಾವಲುಳ್ಳ ಭಾಗವನ್ನು ಸಮೀಪದಲ್ಲಿಯೇ ಇರುವ, ಹಳ್ಳಿಗರ ಬೇಟೆಗೆ ತುತ್ತಾದ ಮೀಸಲು ಕಾಡಿನೊಡನೆ ಹೋಲಿಸಿದ್ದಾರೆ. ಎರಡನೆಯದರಲ್ಲಿ ದೊಡ್ಡ ಮೃಗಗಳು ಬಹು ವಿರಳವಾಗಿದ್ದುವು. ಕೋವಿ ಹಿಡಿದವನೂ ಹುಲಿಯಂತೆಯೇ ದೊಡ್ಡ ಮೃಗವನ್ನು ಬಯಸುವವನು. ಆದುದರಿಂದ ಮನುಷ್ಯನ ಬೇಟೆಯು ಮೊದಲು ಬರಿದುಮಾಡುವುದು ಹುಲಿಯ ಉಗ್ರಾಣವನ್ನೇ. ಮರಗಳು ನಿಂತಿರುತ್ತವೆ, ಹಡ್ಲಿನಲ್ಲಿ ಹಸಿರು ಇರುತ್ತದೆ, ದೂರದಿಂದ ಕಾಡು ಕಾಡಾಗಿಯೇ ಕಾಣುತ್ತದೆ; ಹುಲಿ ಮಾತ್ರ ಬದುಕಲಾರದು.

ಒಂದು ಕಾಡಿನ ಐದು ವರ್ಷಗಳ ಆಹಾರದ ಲೆಕ್ಕವನ್ನು ಎಲ್ಲ ಕಾಡುಗಳಿಗೂ ಎಲ್ಲ ಕಾಲಕ್ಕೂ ಅನ್ವಯಿಸಲಾಗದು. ಕಾಟಿಯೇ ಇಲ್ಲದ ಕಾಡಿನಲ್ಲಿ ಹುಲಿಯ ಆಯ್ಕೆಯು ಬೇರೆಯಾಗಿರುವುದು. ಆದರೆ ಇದ್ದುದನ್ನೂ ತಿಂದುದನ್ನೂ ಬೇರೆಬೇರೆಯಾಗಿ ಅಳೆದು, ಪ್ರತಿಯೊಂದು ಅಳತೆಯ ದೋಷವನ್ನೂ ತಿದ್ದಿ, ಬಳಿಕ ಹೋಲಿಸುವ ಕ್ರಮವು ಎಲ್ಲೆಡೆಗೂ ಸಲ್ಲತಕ್ಕುದು. ನರಿಮಂಗಲದ ಚಪ್ಪರದಲ್ಲಿ ಹಿಂದಿನವರು ವೀರನ ಬದಿಯಲ್ಲಿ ಕಂಡುದು ಒಂದು ಹುಲಿಯನ್ನು. ನಾಗರಹೊಳೆಯ ಲೆಕ್ಕದಿಂದ ತಿಳಿದುಬಂದುದೆಂದರೆ, ಅಂತಹ ಒಂದೊಂದು ಹುಲಿಯ ಹಿಂದೆಯೂ ಕಾಡಿನಲ್ಲಿ ಐನೂರು ಮೃಗಗಳು ಮೇಯುತ್ತಿರಬೇಕು ಎಂಬುದು.